ಅಮ್ಮ ಬರೋದನ್ನ

ಮತ್ತೆ ಬಂದ್ರಾ? ಒಂದ್ಸಲ ಟವೆಲ್ಲು, ಒಂದ್ಸಲ ಚಾರ್ಜರು... ಈಗೇನು, ಕಾಲುಚೀಲದ ಜೋಡಿ ಹುಡುಕಿಕೊಡ್ಲಾ? ವಾರವೆಲ್ಲ ಲಾರಿ ಓಡಿಸ್ತೀರ, ಸ್ವಂತ ಮನೆಯೊಳಗೆ ದಾರಿ ಗೊತ್ತಾಗಲ್ಲ! ಕೂತ್ಕೊಳ್ಳಿ. ಬಾಯ್ಮುಚ್ಕೊಂಡು ಕೂತ್ಕೊಳ್ಳಿ. ನಾನು ಓದ್ತಿದ್ದೀನಿ.

ಯಾಕ್ರೀ ನಗ್ತೀರ? ಹತ್ತನೇ ಕ್ಲಾಸಿಗೇ ಪುಸ್ತಕಕ್ಕೆ ಕೈ ಮುಗಿದವಳು ಟರ್ಕಿಶ್ ಕಲೀಬಾರದಾ? ಈ ಪರದೇಶದಲ್ಲಿ ನಾನು ದುಡಿಯೋ ಲಾಂಡ್ರಿಯ ಸೂಪರ್‌ವೈಸರಮ್ಮ ಆಡೋದು ಅದೇ ಭಾಷೆ. ನಾಲ್ಕು ಮಾತು ಬಂದ್ರೆ ಇಸ್ತ್ರಿ ಬಿಡಿಸಿ ಬಟ್ಟೆ ವಿಂಗಡಿಸೋ ಕಡೆ ಹಾಕ್ತಾಳಂತೆ. ಅದಕ್ಕೇ. ಇನ್ನೇನಿಲ್ಲ.

ಅಂಥ ಕಬ್ಬಿಣದ ಕಡಲೆಯೇನಲ್ಲ. ನಮ್ಮ ಹಾಗೇ ಪದಕ್ಕೆ ಬಾಲ ಕಟ್ಟೋದು. ಎವ್, ಮನೆ. ಎವ್‌ದೆ, ಮನೆಯಲ್ಲಿ. ಎವ್‌ದೆನ್, ಮನೆಯಿಂದ. ಆದ್ರೆ ವಾಕ್ಯದ ಹೊಟ್ಟೆಯೊಳಗೆ ಇನ್ನೊಂದು ವಾಕ್ಯ ಕೂರಿಸ್ತಾರಲ್ಲ, ಅಲ್ಲೇ ತಲೆನೋವು. 'ನೀನು ಬಂದದ್ದು ನೋಡಿದೆ' ಅಂತ ನಾವಂದ್ರೆ, ಅವರು 'ನಿನ್ನ ಬಂದದ್ದನ್ನ ನೋಡಿದೆ' ಅಂತಾರೆ. ಬರೋದು ಹೋಗೋದು ಎಲ್ಲಾ ಯಾರದ್ದಾದ್ರೂ ಆಗಿರ್ಬೇಕು ಅವರಿಗೆ!

ಮಗು? ಪಕ್ಕದ ಮನೆಯಲ್ಲಿದ್ದಾಳೆ. ನನಗಿವತ್ತು ರಜೆ, ಹೌದು... ಆ ಟರ್ಕಿ ಅಜ್ಜಿ ಬಿಡಲ್ಲ ಅಂದ್ರು. ಎರಡು ವರ್ಷದಿಂದ ಹಗಲೆಲ್ಲ ಅವರ ಮಡಿಲಲ್ಲೇ ಅಲ್ವಾ? ಅವರ ಹತ್ತಿರ ಅರಳು ಹುರಿದ ಹಾಗೆ ಮಾತು. ನನ್ನ ಹತ್ತಿರ 'ಹೂಂ', 'ಊಹೂಂ', 'ನೀರು'. ಸಂಜೆ ಕರ್ಕೊಂಡು ಬರೋಕೆ ಹೋದಾಗ ಬಾಗಿಲಲ್ಲಿ ಅವಳು ಅಂದದ್ದನ್ನ ಕನ್ನಡ ಅಕ್ಷರದಲ್ಲೇ ಗೀಚ್ಕೊಂಡು ಬರ್ತೀನಿ, ಲಾಂಡ್ರಿ ಚೀಟಿ ಹಿಂದೆ. ಆಮೇಲೆ ಪುಸ್ತಕ ಹಿಡಿದು ಒಂದೊಂದೇ ಗಂಟು ಬಿಡಿಸೋದು... ಅಭ್ಯಾಸಕ್ಕೆ. ಬರೀ ಅಭ್ಯಾಸಕ್ಕೆ ಅಂದೆನಲ್ಲ!

ಇದೊಂದು ಗಂಟು ಮಾತ್ರ ಬಿಡ್ತಿಲ್ಲ. ಹತ್ತು ವರ್ಷ ಇಲ್ಲಿ ಟರ್ಕಿಯಿಂದ ಬಂದವರ ಜೊತೆ ದುಡಿದಿದ್ದೀರಿ, ನೀವೇ ಹೇಳಿ. 'ಆನ್ನೆಮಿನ್ ಗೆಲ್ಮೆಸಿನಿ ಇಸ್ತೆಮಿಯೊರುಮ್.' ಆನ್ನೆಮಿನ್, ನನ್ನಮ್ಮನ. ಗೆಲ್ಮೆಸಿನಿ, ಬರೋದನ್ನ. ಕೊನೆಯದ್ದು... ಕೊನೆಯದ್ದು 'ಬೇಕು' ಅಂತ ತಾನೇ? ಅಮ್ಮ ಬರ್ಲಿ ಅಂತ ಕಾಯ್ತಿರ್ತಾಳೆ, ಪಾಪ.

ಹೇಳ್ರೀ.

ಈಗ್ಯಾಕೆ ನಗು ಬರಲ್ಲ? ನೆಲದಲ್ಲಿ ಏನು ಬರೆದಿದೆ? ನನ್ನ ಮುಖ ನೋಡಿ.

...ಗೊತ್ತಿತ್ತು ನನಗೆ. ಬರ್ಕೊಂಡ ದಿನವೇ ಗೊತ್ತಾಯ್ತು. ಇಸ್ತೆಮಿಯೊರುಮ್ ಅಂದ್ರೆ 'ನಂಗೆ ಬೇಡ' ಅಂತ, ಮೂರನೇ ಪಾಠದಲ್ಲೇ ಇದೆ. ನೀವಾದ್ರೂ ಒಂದು ಸುಳ್ಳು ಹೇಳ್ತೀರೇನೋ ಅಂತ... ಅದಕ್ಕೂ ಆಗಲಿಲ್ಲ ನಿಮ್ಮ ಕೈಲಿ!

ಲಾಂಡ್ರಿಯವಳಾ? ಅವಳಿಗೆ ಟರ್ಕಿಶ್‌ನ ಗಂಧವೂ ಇಲ್ಲ. ಅಜ್ಜಿಯೂ 'ಬಿಡಲ್ಲ' ಅಂತ ಅನ್ನಲಿಲ್ಲ. ಹಟ ಹಿಡಿದು ಹೋದವಳು ನಿಮ್ಮ ಮಗಳೇ. ಬೆಳಿಗ್ಗೆ ಬಿಟ್ಟು ಬರೋವಾಗ ಮೆಟ್ಟಿಲ ಹತ್ತಿರ ನನ್ನ ಬೆರಳು ಹಿಡ್ಕೊಂಡಳು. ನನಗೋಸ್ಕರ ಒಂದೊಂದೇ ಪದ ಹುಡುಕಿ, ಕನ್ನಡದಲ್ಲೇ ಕೇಳಿದಳು ರೀ... ಎಷ್ಟು ಮೆತ್ತಗೆ ಕೇಳಿದಳು...

'ಅಮ್ಮಾ, ಸಂಜೆ ನೀನು ಬರ್ದೇ ಇದ್ರೆ... ನಿಂಗೆ ಅಳು ಬರುತ್ತಾ?'