ಎಲ್ಲರದೂ ಆದಮೇಲೆ

ಬಸ್ ನಿಲ್ದಾಣದ ಬೆಂಚಿನಲ್ಲಿ ಒಬ್ಬರೇ ಕೂತಿದ್ದ ವಯಸ್ಸಾದ ದರ್ಜಿಯ ಪಕ್ಕಕ್ಕೆ ವೃದ್ಧಾಶ್ರಮದ ಇಬ್ಬರು ಆಯಾಗಳು ಬಂದು ಕೂತರು. ದರ್ಜಿ ರಸ್ತೆ ನೋಡುತ್ತಿದ್ದರೂ ಕಿವಿ ಮಾತ್ರ ಅವರ ಕಡೆಗಿತ್ತು.

“ಅಡುಗೆ ತಾತ ಇವತ್ತು ಮತ್ತೆ ತಟ್ಟೆ ತಳ್ಳಿಬಿಟ್ರು ಕಣಕ್ಕಾ,” ಎಂದಳು ಚಿಕ್ಕವಳು. “ಹೀಗೇ ಆದ್ರೆ ಮೂಗಿಗೆ ಪೈಪ್ ಹಾಕ್ಬೇಕು ಅಂತಿದಾರೆ ಡಾಕ್ಟ್ರು.”

“ಯಾವಾಗ ಬಡಿಸ್ದೆ?”

“ಎಲ್ಲರಿಗಿಂತ ಮೊದ್ಲು, ಪಾಪ ಅಂತ.”

“ಅಲ್ಲೇ ನೀನು ಎಡವಿದ್ದು. ಜೀವಮಾನವೆಲ್ಲ ಹೋಟ್ಲಲ್ಲಿ ಅಡುಗೆ ಮಾಡಿದೋರು. ಹಸಿದೋರು ಎದುರಿಗಿದ್ರೆ ಅವ್ರಿಗೆ ತುತ್ತು ಇಳಿಯುತ್ತಾ?”

“ಮತ್ತೆ ನಿನ್ನೆ ನೀನು ಹೇಗೆ ಉಣ್ಣಿಸ್ದೆ?”

“ಎಲ್ಲರದೂ ಆದ್ಮೇಲೆ ಅಡುಗೆಮನೆಗೇ ಕರ್ಕೊಂಡು ಹೋದೆ. ಪಾತ್ರೆಗಳನ್ನೆಲ್ಲ ಇಣುಕಿ ನೋಡಿ, ಒಲೆ ಪಕ್ಕ ನಿಂತ್ಕೊಂಡೇ ಹೊಟ್ಟೆ ತುಂಬ ಉಂಡ್ರು.”

“ನಿಂತ್ಕೊಂಡಾ? ಮೇಡಂ ನೋಡಿದ್ರೆ ಸುಮ್ನೆ ಬಿಡ್ತಾರಾ?”

“ಬೈದ್ರೆ ಬೈಯ್ಲಿ ಬಿಡೆ. ತುತ್ತು ಎತ್ತೋಕ್ಕೆ ಮುಂಚೆ ನನ್ನ ಮುಖ ನೋಡಿ, ‘ನಿಂದಾಯ್ತೇನಮ್ಮಾ ಊಟ?’ ಅಂದ್ರು. ಇಲ್ಲ ಅಂದಿದ್ದಕ್ಕೆ ಮೊದ್ಲು ನಂಗೆ ಬಡಿಸಿದ್ರು.”

ಅಷ್ಟರಲ್ಲಿ ಬಸ್ಸು ಬಂತು, ಇಬ್ಬರೂ ಹತ್ತಿಕೊಂಡರು.

ಹೆಂಡತಿ ತೀರಿಹೋದಮೇಲೆ ದರ್ಜಿಯನ್ನು ಯಾರೂ ಊಟವಾಯಿತೇ ಎಂದು ಕೇಳಿರಲಿಲ್ಲ. ಆಶ್ರಮ ಎಲ್ಲಿದೆಯೆಂದು ವಿಚಾರಿಸಲು ಅವರು ಮಂಡಿ ಹಿಡಿದು ಏಳುವಷ್ಟರಲ್ಲಿ ಬಸ್ಸು ತಿರುವು ದಾಟಿ ಹೋಗಿತ್ತು.