ದೇವಾನಂದನ ಸೀಸೆ

ಚಿತ್ತಾಪುರದ ದವಾಖಾನೆಯ ಬೆಂಚಿನ ಮೇಲೆ ನನ್ನ ಪಕ್ಕ ಗಂಡ ಹೆಂಡತಿ ಕುಳಿತಿದ್ದರು. ಗಂಡನಿಗೆ ಶಹಾಬಾದ್ ಕಡೆಯ ಕಲ್ಲಿನ ಖಣಿಯಲ್ಲಿ ಕೆಲಸ. ಮೂತ್ರದಲ್ಲಿರುವ ರಾಸಾಯನಿಕಗಳಿಂದ ಶ್ವಾಸಕೋಶದ ರೋಗ ಗುರುತಿಸುವ ಸಂಶೋಧನೆಗೆಂದು ಒಬ್ಬ ವಿಜ್ಞಾನಿ ಮೇಡಂ ಕೂಲಿಕಾರರಿಗೆಲ್ಲ ಸೀಸೆ ಹಂಚಿದ್ದರು. ಈಗ ಇವನನ್ನು ಮತ್ತೆ ಕರೆಸಿದ್ದರು.

"ಇದ್ರಾಗ ಖಣಿ ಮಾಲಕನ ಕೈ ಅದ. ದಮ್ಮಿನ ರೋಗ ಇದ್ದವ್ರನ್ನ ಆರಿಸಿ ಕೆಲಸದಿಂದ ತೆಗಿತಾರ ನೋಡು," ಎಂದ ಗಂಡ.

"ಮೇಡಂ ಯಾರಿಗೂ ಹೇಳಂಗಿಲ್ಲ ಅಂದಾರಲ್ರಿ."

"ಹೇಳಂಗಿಲ್ಲಂದ್ರ ಸೀಸಿ ಮ್ಯಾಲ ಹೆಸ್ರು ಯಾಕ ಬರಿಬೇಕು?"

"ಬರೀಲಿಲ್ಲಂದ್ರ ಯಾರ್ದು ಯಾವ್ದು ಹ್ಯಾಂಗ ಗೊತ್ತಾಗ್ತದ? ವಾಸನಿ ನೋಡಬೇಕೇನು?"

ಅವನು ನಗಲಿಲ್ಲ.

"ನನ್ನ ಸೀಸ್ಯಾಗ ರೋಗದ ಗುರುತು ಕಂಡಾವಂತ. ಈಗ ಉಸಿರಿನ ಮಿಷಿನ್‌ನ್ಯಾಗ ಊದಿಸಿ ನೋಡ್ತಾರಂತ. ಎಲ್ಲಾ ಸುಳ್ಳ."

ಅವಳು ಅವನ ಕಡೆ ಬಾಗಿದಳು.

"ಆ ಸೀಸ್ಯಾಗಿಂದು ನಂದಲ್ಲೇನ್ರಿ?"

"ಮೆಲ್ಲಕ ಮಾತಾಡು!"

"ನಿಮಗ ಕೆಮ್ಮದ, ಸಿಕ್ಕಬೀಳ್ತೀರಿ ಅಂತ ನಂದು ತುಂಬಿ ಕೊಟ್ರಿ."

"ನೀ ಗಟ್ಟಿ ಅದಿ ಅಂತ ಕೊಟ್ಟೆ. ಖಣಿದಾಗ ಒಂದಿನಾನೂ ಕಾಲಿಟ್ಟಾಕಿ ಅಲ್ಲ ನೀ."

"ದಿನಾ ಸಂಜಿಗೆ ನಿಮ್ಮ ಅಂಗಿ ಝಾಡಿಸಾಕಿ ಯಾರು? ಆ ಧೂಳು ಎಲ್ಲಿ ಹೋಗ್ತದ?"

ಅವನು ತನ್ನ ಅಂಗಿಯ ತೋಳು ನೋಡಿಕೊಂಡ. ಒಳಗಿನಿಂದ ಸಿಸ್ಟರ್ ಕೂಗಿದರು.

"ದೇವಾನಂದ ಯಾರ್ರಿ? ಊದಾಕ ಬರ್ರಿ."

"ಹೋಗ್ರಿ, ನಿಮ್ಮನ್ನೇ ಕರದಾರ," ಎಂದಳು ಅವಳು.

ಅವನು ಎದ್ದು ಅವಳ ಮೊಣಕೈ ಹಿಡಿದು ಎಬ್ಬಿಸಿದ. ಬಾಗಿಲಿನಲ್ಲಿ ನಿಂತು ಹೇಳಿದ:

"ಸಿಸ್ಟರ್, ಆ ಸೀಸಿ ನಂದಲ್ರಿ, ಇಕೀದು. ಮೊದಲ ಇಕೀನ್ನ ಊದಸ್ರಿ. ಆಮ್ಯಾಲ ನಾನೂ ಊದ್ತೀನಿ."

ಇಬ್ಬರೂ ಒಳಗೆ ಹೋದರು.