ಎಸ್ನಾತ್ ಸಿಸ್ಟರ್ ಕೂತಿದ್ದ ಬೆಂಚು

ಎಸ್ನಾತ್ ಅವರ ಪತಿ ಲಾಫೋರ್ಡ್ ಅವರೇ, ಮಕ್ಕಳೇ, ಊರಿನ ಹಿರಿಯರೇ, ನಮ್ಮ ಆಸ್ಪತ್ರೆಯ ಬಂಧುಗಳೇ — ಎಸ್ನಾತ್ ಅವರನ್ನು ಬೀಳ್ಕೊಡಲು ಈ ಬಿಸಿಲಲ್ಲಿ ಬಂದು ಕೂತಿದ್ದೀರಿ. ಈ ಆಸ್ಪತ್ರೆಯ ಮೇಲ್ವಿಚಾರಕಿಯಾಗಿ ನಿಮಗೆಲ್ಲ ನಮಸ್ಕಾರ.

ಎಸ್ನಾತ್ ಚಿಕಾಪಾ ಬ್ಲಾಂಟೈರ್ ನಗರದಲ್ಲಿ ತರಬೇತಿ ಪಡೆದು ಬಂದು ನಮ್ಮ ನರ್ಸುಗಳಿಗೆ ಒಂದೇ ಪಾಠ ಹೇಳಿಕೊಟ್ಟರು. ಆಸ್ಪತ್ರೆಯ ಬಾಗಿಲಿನ ಬೆಂಚಿನ ಮೇಲೆ ಸರದಿಗೆ ಕೂತ ರೋಗಿಗಳಲ್ಲಿ ಯಾರು ಕಾಯಬಲ್ಲರು, ಯಾರು ಕಾಯಲಾರರು — ಅದನ್ನು ಗುರುತಿಸುವ ಪಾಠ. ಅದಕ್ಕೆ ಮುಂಚೆ ನಮ್ಮಲ್ಲಿ ಮೊದಲು ಬಂದವರಿಗೆ ಮೊದಲು. ಹಿರಿಯರು ಬಂದರೆ ಅವರಿಗೆ ಇನ್ನೂ ಮೊದಲು. ಮಕ್ಕಳು ಸರದಿಯಲ್ಲೇ ಸಾಯುತ್ತಿದ್ದರು. ಹೌದು — ಸರದಿಯಲ್ಲೇ.

"ಹೇಗಿದ್ದೀರಿ ಅಂತ ಕೇಳ್ಬೇಡಿ," ಎನ್ನುತ್ತಿದ್ದರು. "ನಮ್ಮ ಜನ ಸಾಯ್ತಾ ಇದ್ರೂ 'ಚೆನ್ನಾಗಿದ್ದೀನಿ, ನೀವು ಹೇಗಿದ್ದೀರಿ' ಅಂತಾರೆ. ಮುಖ ನೋಡಿ. ಕೈ ಮುಟ್ಟಿ. ತಣ್ಣಗಿದ್ರೆ ಎತ್ಕೊಂಡು ಒಳಗೆ ನಡೀರಿ."

ಒಮ್ಮೆ ಒಬ್ಬ ಅಜ್ಜಿಯ ಬೆನ್ನಿಗೆ ಚಿತೆಂಜೆ ಬಟ್ಟೆಯಲ್ಲಿ ಕಟ್ಟಿದ್ದ ಮಗುವನ್ನು ಹೀಗೆ — ಗಂಟು ಬಿಚ್ಚಿ, ಎದೆಗೆ ಅವಚಿಕೊಂಡು — ಓಡಿದರು. ಸರದಿಯ ಮುಂದೆ ಕೂತಿದ್ದವರು ನಮ್ಮ ಊರಿನ ಮುಖ್ಯಸ್ಥರು. ಇಲ್ಲೇ ಇದ್ದೀರಿ ಮುಖ್ಯಸ್ಥರೇ, ಈಗ ನಗುತ್ತಿದ್ದೀರಿ, ಅಂದು ನಗಲಿಲ್ಲ. ಮುಖ್ಯಸ್ಥನಿಗಿಂತ ಮುಂದೆ ಮಗುವೇ ಎಂದು ರೇಗಿದಿರಿ. ಎಸ್ನಾತ್ ವಾಪಸು ಬಂದು ಏನೆಂದರು? "ಬೈಯೋಕೆ ಉಸಿರಿದೆಯಲ್ಲ ಯಜಮಾನ್ರೇ, ನೀವು ಕಾಯ್ತೀರಿ." ಆ ಮಗು ಈಗ ಶಾಲೆಗೆ ಹೋಗುತ್ತಿದೆ.

ಹೋದ ಸೋಮವಾರ ಎಸ್ನಾತ್ ತಾವೇ ಆ ಬೆಂಚಿಗೆ ಬಂದರು — ರೋಗಿಯಾಗಿ. ತುದಿಯಲ್ಲಿ ಕೂತರು. ಸೋಂಕು ರಕ್ತಕ್ಕೆ ಇಳಿದಿತ್ತು ಎಂದು ಆಮೇಲೆ ಗೊತ್ತಾಯಿತು. ಅಂದು ಬೆಂಚಿನ ಕೆಲಸ ತೊಕೊಜಾನಿಯದು, ಅವರ ಕೈಕೆಳಗೇ ಕಲಿತ ಹುಡುಗಿಯದು. ಗುರುವನ್ನು ಕಂಡು ಏನು ಮಾಡಿದಳು? ನಮ್ಮ ಹೆಣ್ಣುಮಕ್ಕಳು ಮಾಡುವುದನ್ನೇ. ಮಂಡಿಯೂರಿದಳು. ಕಣ್ಣು ತಗ್ಗಿಸಿದಳು. ಹಿರಿಯರ ಮುಖ ದಿಟ್ಟಿಸಬಾರದು ಎಂದು ನಾವೇ ಕಲಿಸಿದ್ದೇವಲ್ಲ.

"ಹೇಗಿದ್ದೀರಿ, ಅಮಾಯಿ?" ಎಂದಳು, ತಾಯಿಯನ್ನು ಕರೆಯುವ ಹಾಗೆ.

"ಚೆನ್ನಾಗಿದ್ದೀನಿ ಮಗಳೇ. ನೀನು ಹೇಗಿದ್ದೀಯ?"

ಎಸ್ನಾತ್ — ಎಸ್ನಾತ್ ಕೂಡ ಹಾಗೇ ಅಂದರು. ನನಗೆ ಅವರ ಮೇಲೆ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಸಲ್ಲದು, ಆದರೂ ಇದೆ. ಸರದಿ ಅವರವರೆಗೆ ಬರುವಷ್ಟರಲ್ಲಿ ಗೋಡೆಗೆ ಒರಗಿದ್ದರು. ಎಲ್ಲರೂ ನಿದ್ದೆ ಎಂದುಕೊಂಡಿದ್ದರು.

ತೊಕೊಜಾನಿ ಕೆಲಸ ಬಿಡುತ್ತೇನೆ ಎಂದಿದ್ದಾಳೆ. ಅಗೋ, ಹಿಂದಿನ ಸಾಲಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಾಳೆ. ಮಗಳೇ, ನಿನ್ನ ತಪ್ಪಿಲ್ಲ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಎಸ್ನಾತ್ ಒಪ್ಪುತ್ತಿರಲಿಲ್ಲ. ಆದರೆ ನಾಳೆ ಬೆಳಿಗ್ಗೆ ಬೆಂಚು ಮತ್ತೆ ತುಂಬುತ್ತದೆ. ಆ ತಪ್ಪನ್ನು ನಿನ್ನಷ್ಟು ಬಲ್ಲವರು ನಮ್ಮಲ್ಲಿ ಬೇರೆ ಇಲ್ಲ. ನಿನ್ನೆ ಲಾಫೋರ್ಡ್ ನನ್ನನ್ನು ಕರೆದು ಇಷ್ಟೇ ಹೇಳಿದರು: "ಆ ಹುಡುಗೀನ ಕಳಿಸ್ಬೇಡಿ. ಅವಳು ಹೋದ್ರೆ ಎಸ್ನಾತ್ ಕಲಿಸಿದ್ದೂ ಹೋಗುತ್ತೆ." ಹೆಂಡತಿಯನ್ನು ಕಳೆದುಕೊಂಡವರ ಮಾತು ಅದು.

ಈಗ ಎಲ್ಲರೂ ಎದ್ದು ನಿಲ್ಲಬೇಕೆಂದು ಕೋರುತ್ತೇನೆ. ಮೌನದಲ್ಲಿ ತಲೆ ತಗ್ಗಿಸುವುದು ರೂಢಿ. ಇವತ್ತು ತಗ್ಗಿಸಬೇಡಿ. ಪಕ್ಕದವರು ಎಷ್ಟೇ ಹಿರಿಯರಾಗಿರಲಿ — ಅವರ ಮುಖ ನೋಡಿ, ಕೈ ಹಿಡಿಯಿರಿ.

ತೊಕೊಜಾನಿ, ಮುಂದೆ ಬಾ. ನಾನು ನಿನಗಿಂತ ಹಿರಿಯಳು. ಮಂಡಿಯೂರಬೇಡ — ಇಗೋ ನನ್ನ ಕೈ. ನನ್ನ ಮುಖ ನೋಡು.